ಆರು ಕಾಲು, ಒಂದೇ ಮೋಟಾರು: ಮಕ್ಕಳೇ ಕೂಡಿಸುವ ನಡೆಯುವ ರೋಬೋಟ್

(ಬಾಗಲಕೋಟೆಯಲ್ಲಿ ಶಾಲಾ ಶಿಕ್ಷಕರು, ಪಾಲಕರು ಮತ್ತು ಡಿಪ್ಲೊಮಾ ವಿದ್ಯಾರ್ಥಿಗಳ ಮುಂದೆ ಕೊಟ್ಟ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಮೇಜಿನ ಮೇಲಿರುವ ಈ ಆಟಿಕೆಗೆ ಗಾಲಿ ಇಲ್ಲ, ಚಿಪ್ ಇಲ್ಲ, ರಿಮೋಟ್ ಇಲ್ಲ. ಒಂದು ಮೋಟಾರು, ಎರಡು ಪೆನ್ಸಿಲ್ ಸೆಲ್, ಆರು ಕಾಲು, ಅಷ್ಟೇ. ಎಂಟು ವರ್ಷ ದಾಟಿದ ಮಗು ಒಂದು ಸ್ಕ್ರೂಡ್ರೈವರ್ ಮತ್ತು ಒಂದು ಸಣ್ಣ ಪಾನಾ ಹಿಡಿದು ಇದನ್ನು ಕೂಡಿಸಬೇಕು, ಬಿಚ್ಚಬೇಕು, ಮತ್ತೆ ಕೂಡಿಸಬೇಕು. ವಿನ್ಯಾಸದ ಪ್ರತಿ ಹಂತದಲ್ಲೂ ನಾವು ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇವೆ: ಇದು ನಡೆಯದೆ ನಿಂತರೆ, ಯಾಕೆ ನಿಂತಿತೆಂದು ಮಗುವಿಗೆ ಕಾಣುತ್ತದೆಯೇ? ಚೆಂದವಾಗಿ ನಡೆದರೂ ಕೆಟ್ಟಾಗ ಒಳಗೇನಾಗಿದೆ ಎಂದು ತೋರಿಸದ ಆಟಿಕೆ ಎರಡನೆಯ ದಿನವೇ ಕಪಾಟು ಸೇರುತ್ತದೆ. ಹಾಗಾಗಿ ಇಲ್ಲಿ ಎಲ್ಲ ಕೀಲುಗಳೂ ಹೊರಗಡೆಯೇ ಇವೆ; ಮುಚ್ಚಳ, ಕವಚ ಯಾವುದೂ ಇಲ್ಲ.

ಮೊದಲು, ಕಾಲು ಆರೇ ಯಾಕೆ? ನಡಿಗೆಯಲ್ಲಿ ಕೆಲವು ಕಾಲು ಭಾರ ಹೊತ್ತು ನೆಲವನ್ನು ಹಿಂದಕ್ಕೆ ತಳ್ಳುತ್ತವೆ, ಉಳಿದವು ನೆಲ ಬಿಟ್ಟು ಮುಂದಕ್ಕೆ ಹೋಗುತ್ತವೆ. ಎರಡು ಕಾಲಿನ ಆಟಿಕೆ ಒಂದನ್ನು ಎತ್ತಿದ ಕೂಡಲೇ ಇಡೀ ಭಾರವನ್ನು ಇನ್ನೊಂದರ ಮೇಲೆ ವಾಲಿಸಬೇಕು. ನಾಲ್ಕು ಕಾಲಿನದು ಒಂದನ್ನು ಎತ್ತಿದಾಗ ಭಾರಕೇಂದ್ರ ಉಳಿದ ಮೂರು ಪಾದಗಳ ತ್ರಿಕೋನದ ಒಳಗಿರಬೇಕು. ಬಹಳ ಸಲ ಅದು ಅಂಚಿನಲ್ಲೇ ಇರುತ್ತದೆ. ಆರು ಕಾಲಿದ್ದರೆ ಮೂರು ಎದ್ದಾಗಲೂ ಮೂರು ಊರಿಯೇ ಇರುತ್ತವೆ. ಒಂದು ಬದಿಯ ನಡುಗಾಲು, ಇನ್ನೊಂದು ಬದಿಯ ಮುಂಗಾಲು ಮತ್ತು ಹಿಂಗಾಲು ಸೇರಿ ಒಂದು ತ್ರಿಕೋನ. ಮುಂದಿನ ಹೆಜ್ಜೆಗೆ ಅದಲುಬದಲು. ಇರುವೆ, ಜಿರಳೆಗಳು ಓಡುವುದೂ ಹೀಗೆಯೇ. ಭಾರವನ್ನು ಅತ್ತಿತ್ತ ತೂಗುವ ಯಾವ ಉಪಾಯವೂ ಬೇಕಿಲ್ಲ.

ಕಾಲಿನ ಯಂತ್ರಕ್ಕೆ ಹಳೆಯ ಮಾದರಿಗಳಿವೆ. ರಷ್ಯಾದ ಗಣಿತಜ್ಞ ಪಾಫ್ನುಟಿ ಚೆಬಿಷೆವ್ ಅವರ ನಾಲ್ಕು ಕಾಲಿನ ನಡೆಯುವ ಯಂತ್ರ 1878ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿತ್ತು. ಅವರ ಜೋಡಣೆಯ ಪ್ರಮಾಣ ನೆನಪಿಡಲು ಸುಲಭ: ಕ್ರ್ಯಾಂಕ್ (ಸುತ್ತುವ ಗಿಡ್ಡ ತೋಳು) 1 ಆದರೆ ಎರಡು ಸ್ಥಿರ ಕೀಲುಗಳ ನಡುವೆ 2, ತೂಗುವ ಪಟ್ಟಿ 2.5, ಉದ್ದ ಪಟ್ಟಿ 5, ಅದರ ನಟ್ಟನಡುವೆ ತೂಗುಪಟ್ಟಿಯ ಕೀಲು. ಕ್ರ್ಯಾಂಕ್ 10 ಮಿ.ಮೀ. ಇದ್ದರೆ ಉದ್ದ ಪಟ್ಟಿಯ ತುದಿ ಅರ್ಧ ಸುತ್ತಿನಲ್ಲಿ 40 ಮಿ.ಮೀ.ನಷ್ಟು ಬಹುತೇಕ ನೇರಗೆರೆಯಲ್ಲಿ ಸಾಗಿ, ಉಳಿದರ್ಧದಲ್ಲಿ ಬಿಲ್ಲಿನಂತೆ ಬಾಗಿ ಮರಳುತ್ತದೆ. ಕಾಲೇಜು ಪ್ರಾಜೆಕ್ಟುಗಳು ಎಡವುವುದು ಇಲ್ಲಿಯೇ. ಆ ಬಿಲ್ಲು ಸ್ಥಿರ ಕೀಲುಗಳಿಂದ 9 ಮಿ.ಮೀ. ದೂರ ಸರಿಯುತ್ತದೆ, ಹತ್ತಿರ ಬರುವುದಿಲ್ಲ. ಜೋಡಣೆಯನ್ನು ಕೆಳಮುಖವಾಗಿ ಕಟ್ಟಿ ತುದಿಯನ್ನೇ ಪಾದ ಮಾಡಿದರೆ, ಎತ್ತಬೇಕಾದ ಹೊತ್ತಿನಲ್ಲಿ ಪಾದ ಇನ್ನೂ ಕೆಳಗಿಳಿದು ನೆಲ ಕೆರೆಯುತ್ತದೆ. ತುದಿಯನ್ನು ಮೇಲಿಟ್ಟು ಅಲ್ಲಿಂದ ಕಾಲನ್ನು ಇಳಿಬಿಡಬೇಕು, ಆ ಕಾಲು ವಾಲದಂತೆ ಮತ್ತೊಂದು ಕಾಲಿನೊಡನೆ ಬಿಗಿಯಬೇಕು. ಮಗುವಿನ ಕೈಗೆ ಇದು ಹೆಚ್ಚಾಯಿತು. ನೆದರ್ಲೆಂಡ್ಸಿನ ಥಿಯೋ ಯಾನ್ಸೆನ್ 1990ರಿಂದ ಸಮುದ್ರದಂಡೆಯಲ್ಲಿ ಗಾಳಿಯ ಬಲದಿಂದ ನಡೆಸುತ್ತಿರುವ ಆಕೃತಿಗಳ ಕಾಲು ನೋಡಲು ಅದ್ಭುತ. ಆದರೆ ಅದರ ಒಂದೊಂದು ಕಾಲಿಗೆ 11 ಅಳತೆಗಳು, ಒಂದು ತಪ್ಪಿದರೂ ನಡಿಗೆ ಕೆಡುತ್ತದೆ. ಹೈಸ್ಕೂಲಿನ ಮೇಲ್ಪಟ್ಟವರಿಗೆ ಅದನ್ನು ಕೊಡಿ. ಎಂಟು-ಹತ್ತರ ವಯಸ್ಸಿಗೆ ಬೇಡ.

ನಮ್ಮ ಆಟಿಕೆಯ ಉಪಾಯ ಸರಳ. ಮೋಟಾರಿನ ಎರಡೂ ಬದಿಗೆ ಶಾಫ್ಟ್, ಅಂದರೆ ತಿರುಗುವ ದಂಡ, ಹೊರಗೆ ಬಂದಿದೆ. ಎರಡಕ್ಕೂ ಒಂದೊಂದು ಕ್ರ್ಯಾಂಕ್, ಒಂದು ಮೇಲಿದ್ದಾಗ ಇನ್ನೊಂದು ಕೆಳಗೆ. ನಡುಗಾಲು ನೇರವಾಗಿ ಕ್ರ್ಯಾಂಕಿನ ಪಿನ್ನಿಗೆ ಸಿಕ್ಕಿದೆ. ಅದರ ಮೇಲ್ಭಾಗದ ಉದ್ದ ಸೀಳು ಪಕ್ಕದ ಹಲಗೆಗೆ ಬಿಗಿದ ಒಂದು ಪಿನ್ನಿನ ಮೇಲೆ ಜಾರುತ್ತದೆ. ಮುಂಗಾಲು, ಹಿಂಗಾಲುಗಳು ಹಲಗೆಯ ಮೇಲೆಯೇ ತೂಗುತ್ತವೆ, ಇವನ್ನು ತೂಗುಗಾಲು ಎನ್ನೋಣ. ಅವುಗಳ ತಲೆಯನ್ನು ಒಂದೊಂದು ಕೂಡುಪಟ್ಟಿ ಅದೇ ಕ್ರ್ಯಾಂಕ್ ಪಿನ್ನಿಗೆ ಕಟ್ಟಿಹಾಕುತ್ತದೆ. ಪಟ್ಟಿ ಕೂಡುವುದು ತೂಗುಕೀಲಿನ ಮೇಲುಗಡೆ. ಆದ್ದರಿಂದ ತಲೆ ಹಿಂದೆ ಹೋದರೆ ಪಾದ ಮುಂದೆ ಬರುತ್ತದೆ. ಬಲಗಡೆಯ ಕ್ರ್ಯಾಂಕ್ ಕೆಳಗಿದ್ದು ಹಿಂದಕ್ಕೆ ಸಾಗುವಾಗ ಬಲ ನಡುಗಾಲು ಭಾರ ಹೊತ್ತು ನೆಲವನ್ನು ತಳ್ಳುತ್ತದೆ, ಬಲಬದಿ ಎದ್ದಿರುವುದರಿಂದ ಬಲದ ಮುಂಗಾಲು ಹಿಂಗಾಲು ಗಾಳಿಯಲ್ಲೇ ಮುಂದಕ್ಕೆ ಬರುತ್ತವೆ. ಎಡಗಡೆ ಇದೆಲ್ಲದರ ತಿರುಗುಮುರುಗು. ಆರು ಕಾಲು, ಒಟ್ಟು 12 ಚಲಿಸುವ ಕೀಲು.

ಈಗ ಅಳತೆ ಬರೆದುಕೊಳ್ಳಿ, ಎಲ್ಲವೂ ಮಿ.ಮೀ.ನಲ್ಲಿ, ತೂತಿನ ನಡುವಿನಿಂದ ತೂತಿನ ನಡುವಿಗೆ. ಕ್ರ್ಯಾಂಕ್ 10. ಸೀಳಿನ ಪಿನ್ನು ಮೋಟಾರು ಶಾಫ್ಟಿನ ನೇರ ಮೇಲೆ 40. ತೂಗುಕೀಲುಗಳು ಶಾಫ್ಟಿನಿಂದ ಮುಂದೆ 70, ಹಿಂದೆ 70, ಶಾಫ್ಟಿನ ಮಟ್ಟಕ್ಕಿಂತ 20 ಕೆಳಗೆ. ನಡುಗಾಲು ಕ್ರ್ಯಾಂಕ್ ತೂತಿನಿಂದ ಪಾದದವರೆಗೆ 66. ಅದೇ ತೂತಿನಿಂದ ಮೇಲೆ 28ರಿಂದ 52ರವರೆಗೆ ಸೀಳು, ಅಗಲ 3.4. ತೂಗುಗಾಲು ಕೀಲಿನಿಂದ ಕೆಳಗೆ 50, ಮೇಲೆ 20, 25, 30ರಲ್ಲಿ ಮೂರು ತೂತು. ಕೂಡುಪಟ್ಟಿ 70. ಕಾಲುಗಳ ಅಗಲ 12, ಅದಕ್ಕಿಂತ ಹೆಚ್ಚು ಬೇಡ. ಹೆಜ್ಜೆಯ ಕೊನೆಯಲ್ಲಿ ನಡುಗಾಲಿಗೂ ಪಕ್ಕದ ಕಾಲಿಗೂ ನಡುವೆ ಉಳಿಯುವುದು 7 ಮಾತ್ರ.

66 ಎಂಬ ಅಳತೆಯ ಹಿಂದೆ ಲೆಕ್ಕವಿದೆ. ಎರಡೂ ಕ್ರ್ಯಾಂಕ್ ಅಡ್ಡ ಬಂದ ಗಳಿಗೆಯಲ್ಲಿ ಭಾರ ಒಂದು ತ್ರಿಕೋನದಿಂದ ಇನ್ನೊಂದಕ್ಕೆ ದಾಟುತ್ತದೆ. ಆಗ ತೂಗುಗಾಲು 30 ಡಿಗ್ರಿ ವಾಲಿ ಅದರ ಪಾದ ಶಾಫ್ಟಿನಿಂದ 63.3 ಕೆಳಗಿರುತ್ತದೆ, ನಡುಗಾಲು 14 ಡಿಗ್ರಿ ವಾಲಿ 64 ಕೆಳಗೆ. ಎರಡೂ ಹೆಚ್ಚುಕಡಿಮೆ ಒಂದೇ ಮಟ್ಟ. ಹೀಗಾಗಿ ಆಟಿಕೆ ದೊಪ್ಪೆಂದು ಬೀಳದೆ ಭಾರವನ್ನು ದಾಟಿಸುತ್ತದೆ. ಅರ್ಧ ಸುತ್ತಿನಲ್ಲಿ ನಡುಗಾಲು ತಳ್ಳುವ ದೂರ 52, ತೂಗುಗಾಲಿನದು 50. ಇದೂ ಹೊಂದುತ್ತದೆ, ಪಾದಗಳು ಒಂದನ್ನೊಂದು ಎಳೆದಾಡುವುದಿಲ್ಲ. ನಡುಗಾಲನ್ನು 60 ಮಾಡಿ ನೋಡಿ: ಕ್ರ್ಯಾಂಕ್ ಪೂರ್ತಿ ಕೆಳಗಿದ್ದಾಗ ನಡುಪಾದವೂ ತೂಗುಪಾದವೂ 70ರಲ್ಲೇ ನಿಂತು, ಏಳಬೇಕಾದ ಕಾಲು ಏಳುವುದೇ ಇಲ್ಲ. 66 ಇದ್ದಾಗ 6 ಮಿ.ಮೀ. ಏಳುತ್ತದೆ. ಮನೆಯ ನೆಲಕ್ಕೆ ಅಷ್ಟು ಸಾಕು, ಚಾಪೆಯ ಅಂಚು ದಾಟಲು ಸಾಲದು. ದಾಟಲಿ ಎಂದು ಕ್ರ್ಯಾಂಕನ್ನು 20 ಮಾಡುವ ಆಸೆ ಎಲ್ಲರಿಗೂ ಬರುತ್ತದೆ. ಇಡೀ ಆಟಿಕೆ 200 ಗ್ರಾಂ ಎಂದಿಟ್ಟುಕೊಂಡರೆ 10ರ ಕ್ರ್ಯಾಂಕಿಗೆ ಹೆಚ್ಚೆಂದರೆ 0.2 ಕೆ.ಜಿ.-ಸೆಂ.ಮೀ. ತಿರುಚುಬಲ ಸಾಕು, 20ಕ್ಕೆ ಅದು ಇಮ್ಮಡಿ. ಎರಡು ಸೆಲ್ಲಿನ ಮೇಲೆ ಓಡುವ ಈ ಮೋಟಾರು ಅಲ್ಲಿ ಏದುಸಿರು ಬಿಡುತ್ತದೆ.

ಮೋಟಾರು ಎಂದರೆ ಹಳದಿ ಬಣ್ಣದ ಬಿಒ (ಬ್ಯಾಟರಿಯಲ್ಲಿ ಓಡುವ) ಗೇರ್ ಮೋಟಾರು, ಎರಡೂ ಬದಿ ಶಾಫ್ಟ್ ಇರುವುದನ್ನೇ ಕೇಳಿ ತರಬೇಕು. ಇದರಲ್ಲಿ 60, 100, 150, 300 ಆರ್‌ಪಿಎಂ (ನಿಮಿಷಕ್ಕೆ ಸುತ್ತು) ಎಂದೆಲ್ಲ ಬರುತ್ತವೆ. 60ರದು ತನ್ನಿ. ಎರಡು ಸೆಲ್ಲಿನ 3 ವೋಲ್ಟಿನಲ್ಲಿ ಅದು ಸುಮಾರು ಅರ್ಧ ವೇಗದಲ್ಲಿ ತಿರುಗುತ್ತದೆ, ಒಂದು ಸುತ್ತಿಗೆ ಹತ್ತು ಸೆಂಟಿಮೀಟರಿನಷ್ಟು ಸಾಗುತ್ತದೆ. ಕಾಲುಗಳ ಸರದಿಯನ್ನು ಮಗು ಕಣ್ಣಿನಿಂದ ಹಿಂಬಾಲಿಸಬಹುದು. 150ರದು ಹಾಕಿದರೆ ಆಟಿಕೆ ನಡೆಯುವ ಬದಲು ಕುಣಿಯುತ್ತದೆ.

ಶಾಫ್ಟಿನ ಅಡ್ಡಳತೆ 5.4, ಎರಡು ಕಡೆ ಚಪ್ಪಟೆ, ಚಪ್ಪಟೆಯಿಂದ ಚಪ್ಪಟೆಗೆ 3.7. ಕ್ರ್ಯಾಂಕಿನ ತೂತು ಇದೇ ಆಕಾರದಲ್ಲಿರಬೇಕು. ಎಂಡಿಎಫ್‌ನಲ್ಲಿ, ಅಂದರೆ ಮರದ ನಾರನ್ನು ಒತ್ತಿ ಮಾಡಿದ ಹಲಗೆಯಲ್ಲಿ, ಈ ತೂತು ಕೊರೆದರೆ ಕೆಲವೇ ದಿನಗಳಲ್ಲಿ ಮೂಲೆ ಸವೆದು ದುಂಡಗಾಗುತ್ತದೆ. ಆದ್ದರಿಂದ ಮಿಕ್ಕೆಲ್ಲ 3 ಮಿ.ಮೀ. ಎಂಡಿಎಫ್ ಇದ್ದರೂ ಕ್ರ್ಯಾಂಕ್ ಮಾತ್ರ ಅಕ್ರಿಲಿಕ್, ಎರಡು ಪದರ. ಒಳಪದರದಲ್ಲಿ ಪಿನ್ನಿನ ತೂತು 6 ಮಿ.ಮೀ. ಇಟ್ಟರೆ ತಿರುಪಿನ ತಲೆ ಅದರೊಳಗೆ ಹುದುಗಿ, ಹಲಗೆಗೆ ಉಜ್ಜುವುದಿಲ್ಲ.

ಪೆಟ್ಟಿಗೆಯಲ್ಲಿ ಏನೇನಿರಬೇಕು: ಪಕ್ಕದ ಹಲಗೆ 2, ಅವನ್ನು ಹಿಡಿಯುವ ಅಡ್ಡಪಟ್ಟಿ 3, ನಡುಗಾಲು 2, ತೂಗುಗಾಲು 4, ಕೂಡುಪಟ್ಟಿ 4, ಕ್ರ್ಯಾಂಕ್ 2. ಎಂ3 (3 ಮಿ.ಮೀ. ದಪ್ಪದ) ತಿರುಪು 25 ಮಿ.ಮೀ. ಉದ್ದದವು 12 (ಪಿನ್ನು ಎಂದದ್ದು ಇವನ್ನೇ), ಮೋಟಾರಿಗೆ 30 ಮಿ.ಮೀ.ನವು 2. ನೈಲಾಕ್ ನಟ್ (ಒಳಗೆ ನೈಲಾನ್ ಬಳೆ ಇದ್ದು ತಾನಾಗಿ ಸಡಿಲಾಗದ ನಟ್) 14, ಮಾಮೂಲಿ ನಟ್ 2, ವಾಶರ್ ನಲವತ್ತರ ಹತ್ತಿರ. ಕಾಲುಗಳನ್ನು ಹಲಗೆಯಿಂದ 9 ಮಿ.ಮೀ. ಹೊರಗೆ ನಿಲ್ಲಿಸಲು ಎಂಡಿಎಫ್ ಬಿಲ್ಲೆಗಳು, ಒಂದೊಂದು ಪಿನ್ನಿಗೆ ಮೂರರಂತೆ 18. ಎರಡು ಸೆಲ್ಲಿನ ಡಬ್ಬಿ, ಒಂದು ಸ್ವಿಚ್, ಸೈಕಲ್ ಟ್ಯೂಬಿನ ತುಂಡು. ಮತ್ತೆ 5.5 ಮಿ.ಮೀ. ಪಾನಾ, ನೈಲಾಕ್ ನಟ್ ಮಗುವಿನ ಬೆರಳಿಗೆ ಬಗ್ಗುವುದಿಲ್ಲ. ನಟ್ಟು, ವಾಶರ್ ನಾಲ್ಕು ಹೆಚ್ಚಿಗೇ ಹಾಕಿ. ಅವು ಮಂಚದ ಕೆಳಗೆ ಉರುಳಿ ಹೋಗುವುದು ಗ್ಯಾರಂಟಿ.

ನೇರವಾಗಿ ಲೇಸರ್ ಕಟಿಂಗಿಗೆ ಹೋಗಬೇಡಿ. ಮೊದಲು ರಟ್ಟಿನಲ್ಲಿ ಒಂದು ಬದಿಯ ಮೂರು ಕಾಲು ಕತ್ತರಿಸಿ, ಡ್ರಾಯಿಂಗ್ ಪಿನ್ ಚುಚ್ಚಿ, ಕೈಯಿಂದ ಕ್ರ್ಯಾಂಕ್ ತಿರುಗಿಸಿ, ಪಾದದ ಹತ್ತಿರ ಪೆನ್ಸಿಲ್ ಮೊನೆ ಹಿಡಿದು ದಾರಿ ಬರೆಯಿಸಿ. ನಮ್ಮ ಊರುಗಳ ಮಕ್ಕಳು ಜೋಳದ ದಂಟಿನ ಬೆಂಡು, ಸಿಪ್ಪೆ, ಜಾಲಿಮುಳ್ಳಿನಲ್ಲಿ ಬಂಡಿ ಕಟ್ಟುವಾಗ ಮುಳ್ಳು ಎಷ್ಟು ಸಡಿಲ ಇರಬೇಕೆಂದು ಬೆರಳಿಂದಲೇ ತಿಳಿಯುತ್ತಾರೆ. ಅದೇ ತಿಳಿವಳಿಕೆ ಇಲ್ಲಿಯೂ ಕೆಲಸಕ್ಕೆ ಬರುತ್ತದೆ. ನಕ್ಷೆಯ ಮೂಲೆಯಲ್ಲಿ ಸರಿಯಾಗಿ 100 ಮಿ.ಮೀ. ಗೆರೆಯೊಂದನ್ನು ಎಳೆದಿಡಿ. ಪ್ರಿಂಟರು ಕಾಗದಕ್ಕೆ ಹೊಂದಿಸಲು ನಕ್ಷೆಯನ್ನು ಕುಗ್ಗಿಸಿದ್ದರೆ ಆ ಗೆರೆಗೆ ಸ್ಕೇಲ್ ಇಟ್ಟ ಕೂಡಲೇ ಗೊತ್ತಾಗುತ್ತದೆ.

ಅಕ್ರಿಲಿಕ್ ನಾಮಫಲಕ ಮಾಡುವ ಅಂಗಡಿಗಳಲ್ಲಿ ಲೇಸರ್ ಯಂತ್ರ ಇರುತ್ತದೆ. ಅಟಲ್ ಟಿಂಕರಿಂಗ್ ಲ್ಯಾಬ್ ಇರುವ ಶಾಲೆಗಳಲ್ಲಿ ತ್ರೀಡಿ ಪ್ರಿಂಟರ್ ಇದ್ದರೆ ಕ್ರ್ಯಾಂಕನ್ನು ಅದರಲ್ಲೇ ತೆಗೆಯಬಹುದು. ಲೇಸರ್ ಕಿರಣ ಸುಡುವ ಗೆರೆಯ ಅಗಲ ಸುಮಾರು 0.2, ನಕ್ಷೆಯಲ್ಲಿ 3.0 ಬರೆದ ತೂತು 3.2 ಆಗಿ ಬರುತ್ತದೆ, ಎಂ3 ತಿರುಪು ತಿರುಗಲು ಅದೇ ಸರಿಯಾದ ಅಳತೆ. ಹಲಗೆಗಳು ಕೂಡುವ ಕಚ್ಚಿನಲ್ಲಿ ಮಾತ್ರ ಎಚ್ಚರ. 3 ಮಿ.ಮೀ. ಎಂದು ಮಾರುವ ಎಂಡಿಎಫ್ 2.7 ಇರಬಹುದು, 3.2 ಇರಬಹುದು. ತಂದ ಹಲಗೆಯ ಮೂಲೆಯಲ್ಲಿ 2.7ರಿಂದ 3.3ರವರೆಗೆ 0.1ರ ಅಂತರದಲ್ಲಿ ಏಳು ಕಚ್ಚು ಕತ್ತರಿಸಿ, ಯಾವುದರಲ್ಲಿ ಅದೇ ಹಲಗೆಯ ತುಂಡು ಹೆಬ್ಬೆರಳಿನ ಒತ್ತಿಗೆ ಕೂರುತ್ತದೋ ಆ ಅಳತೆಯನ್ನೇ ಇಡೀ ನಕ್ಷೆಗೆ ಹಾಕಿ. ಬೆಳಗಾವಿ ಕಡೆಯ ಮಳೆಗಾಲದಲ್ಲಿ ಎಂಡಿಎಫ್ ತೇವ ಹೀರಿ ಉಬ್ಬುತ್ತದೆ. ಅಂಚುಗಳಿಗೆ ಒಂದು ಕೈ ವಾರ್ನಿಶ್ ಬಳಿದರೆ ತಾಳುತ್ತದೆ. ವಿಜಯಪುರ, ಬಾಗಲಕೋಟೆಯ ಏಪ್ರಿಲ್ ಬಿಸಿಲಿನಲ್ಲಿ ತೊಂದರೆ ಬೇರೆ: ಮುಚ್ಚಿದ ಕಾರಿನಲ್ಲಿಟ್ಟರೆ ಗ್ಲೂಗನ್ನಿನ ಅಂಟು ಮೆತ್ತಗಾಗಿ ಬಿಡುತ್ತದೆ. ಭಾರ ಹೊರುವ ಯಾವ ಜಾಗದಲ್ಲೂ ಆ ಅಂಟನ್ನು ನಂಬಬೇಡಿ, ತಿರುಪು ಹಾಕಿ.

ಕೂಡಿಸುವ ಕ್ರಮದಲ್ಲಿ ಒಂದು ನಿಯಮ ಮುಖ್ಯ. ಮೋಟಾರಿಗೆ ಕ್ರ್ಯಾಂಕ್ ಹಾಕುವ ಮುಂಚೆಯೇ ಹಲಗೆಯ ಕೀಲುಗಳನ್ನು ಪರೀಕ್ಷಿಸಬೇಕು. ನೈಲಾಕ್ ನಟ್ಟನ್ನು ಪೂರ್ತಿ ಬಿಗಿದು, ಬಳಿಕ ಅರ್ಧ ಸುತ್ತು ಹಿಂದಕ್ಕೆ ಬಿಡಿ. ಎಂ3 ತಿರುಪಿನ ಒಂದು ಸುತ್ತು ಅರ್ಧ ಮಿ.ಮೀ., ಆದ್ದರಿಂದ ಕಾಲಿಗೆ ಸಿಗುವ ಸಡಿಲ 0.25 ಮಿ.ಮೀ. ಹಲಗೆಯನ್ನು ನೆಟ್ಟಗೆ ನಿಲ್ಲಿಸಿ ಹಿಡಿದು ಕಾಲನ್ನು ಎತ್ತಿ ಬಿಟ್ಟರೆ ಅದು ತನ್ನ ಭಾರಕ್ಕೆ ತಾನೇ ಕೆಳಗೆ ಬೀಳಬೇಕು. ಬೀಳದಿದ್ದರೆ ಇನ್ನೂ ಕಾಲು ಸುತ್ತು ಬಿಡಿ. ವಾಶರ್ ಬಿಟ್ಟರೆ ಏನಾಗುತ್ತದೆ ಎಂದು ಮಕ್ಕಳು ಕೇಳುತ್ತಾರೆ, ಕೇಳಲಿ. 7 ಮಿ.ಮೀ. ಅಗಲದ ವಾಶರ್ ಇದ್ದಾಗ 0.25 ಮಿ.ಮೀ. ಸಡಿಲಕ್ಕೆ ಕಾಲು 2 ಡಿಗ್ರಿ ಮಾತ್ರ ಪಕ್ಕಕ್ಕೆ ವಾಲುತ್ತದೆ, ಪಾದದಲ್ಲಿ 2 ಮಿ.ಮೀ. ಚಿಲ್ಲರೆ. ವಾಶರ್ ಇಲ್ಲದೆ, ನಟ್ಟೂ ಸಡಿಲವಿದ್ದರೆ ತೂತಿನ ಸಡಿಲವೇ ಕಾಲನ್ನು ಹಲವು ಮಿ.ಮೀ. ಹೊರಕ್ಕೆ ಚಾಚಿಸಿ, ಆಟಿಕೆ ಹೊಟ್ಟೆ ಇಳಿಸಿ ಕೂರುತ್ತದೆ. ಮಾಮೂಲಿ ನಟ್ಟು ಕೀಲಿಗೆ ಬೇಡ. ನಡುಕಕ್ಕೆ ಐದೇ ನಿಮಿಷದಲ್ಲಿ ಸಡಿಲಾಗುತ್ತದೆ. ಎರಡು ಮಾಮೂಲಿ ನಟ್ಟುಗಳು ಕ್ರ್ಯಾಂಕಿಗೆ ಪಿನ್ನನ್ನು ಅಲುಗದಂತೆ ಬಿಗಿಯಲು ಮಾತ್ರ.

ಕ್ರ್ಯಾಂಕ್ ಹಾಕಿದ ಮೇಲೆ ಕೈಯಿಂದ ಕಾಲು ತಿರುಗಿಸಕೂಡದು. ಮೋಟಾರಿನೊಳಗಿನ ಪ್ಲಾಸ್ಟಿಕ್ ಗೇರಿನ ಹಲ್ಲು ಮುರಿಯುತ್ತದೆ. ಆಮೇಲೆ ಪ್ರತಿ ಸುತ್ತಿಗೂ ಟಕ್ ಟಕ್ ಸದ್ದು ಬಂದರೆ ಆ ಮೋಟಾರಿಗೆ ಮದ್ದಿಲ್ಲ.

ಸೆಲ್ ಡಬ್ಬಿಯ ಜಾಗ ಹೀಗೆ: ಮೋಟಾರಿನ ಮೈ ಶಾಫ್ಟಿನ ಹಿಂದಕ್ಕೆ ಚಾಚಿಕೊಂಡಿದೆ, ಆದ್ದರಿಂದ ಡಬ್ಬಿ ಶಾಫ್ಟಿನ ಮುಂದೆ, ಹಲಗೆಗಳ ನಡುವೆ, ಆದಷ್ಟು ತಗ್ಗಿನಲ್ಲಿ. ಶಾಫ್ಟಿನ ನೇರ ಕೆಳಗೆ ಪೆನ್ಸಿಲ್ ಅಡ್ಡ ಇಟ್ಟು ಆಟಿಕೆಯನ್ನು ತೂಗಿ ನೋಡಿ. ಯಾವ ಕಡೆ ವಾಲುತ್ತದೋ ಆ ಕಡೆಯಿಂದ ಡಬ್ಬಿಯನ್ನು ಸರಿಸಿ, ಬಳಿಕ ಕೇಬಲ್ ಟೈ ಬಿಗಿಯಿರಿ. ತಂತಿಯ ಬೆಸುಗೆ ದೊಡ್ಡವರ ಕೆಲಸ. ಮೋಟಾರಿನ ಹಿಂಬದಿಯ ತಾಮ್ರದ ಕಿವಿಗಳು ಬಹಳ ತೆಳು, ಎರಡು ಸಲ ಬಾಗಿದರೆ ಮುರಿಯುತ್ತವೆ. ತಂತಿಯನ್ನು ಮೋಟಾರಿನ ಮೈಗೇ ಕಟ್ಟಿಬಿಟ್ಟರೆ ಎಳೆತ ಕಿವಿಗೆ ತಾಗುವುದಿಲ್ಲ.

ಇನ್ನು ನಿಂತುಹೋದಾಗ ನೋಡುವ ವಿಧಾನ. ಈ ಆಟಿಕೆಯಲ್ಲಿ ಮಗು ಕಲಿಯುವ ನಿಜವಾದ ವಿದ್ಯೆ ಇಲ್ಲಿದೆ, ಅದನ್ನು ದೊಡ್ಡವರು ಕಸಿದುಕೊಳ್ಳಬಾರದು. ಮೊದಲ ಪ್ರಶ್ನೆ: ಪ್ರತಿ ಸಲವೂ ಒಂದೇ ಜಾಗದಲ್ಲಿ ನಿಲ್ಲುತ್ತದೆಯೋ, ಎಲ್ಲಿಯಾದರೂ ನಿಲ್ಲುತ್ತದೆಯೋ? ಒಂದೇ ಜಾಗ ಎಂದರೆ ಏನೋ ತಾಗುತ್ತಿದೆ. ಸೀಳಿನ ಕೊನೆಗೆ ಪಿನ್ನು ಬಡಿಯುತ್ತಿರಬಹುದು, ಸೀಳಿನೊಳಗೆ ಸುಟ್ಟ ಅಂಚು ಉಳಿದಿರಬಹುದು, ತಿರುಪಿನ ತುದಿ ಪಕ್ಕದ ಕಾಲಿಗೆ ಸಿಗುತ್ತಿರಬಹುದು. ಕಾನಸ ಅಥವಾ ಪಾಲಿಶ್ ಪೇಪರ್ ತೆಗೆದುಕೊಂಡು ಆ ಜಾಗಕ್ಕಷ್ಟೇ ಉಜ್ಜಬೇಕು. ಎಲ್ಲಿಯಾದರೂ ನಿಂತರೆ ಕೀಲು ಬಿಗಿ, ಇಲ್ಲವೇ ಸೆಲ್ ಸೋತಿದೆ. ಆಟಿಕೆಯನ್ನು ಎತ್ತಿ ಹಿಡಿದಾಗ ಸರಾಗ ತಿರುಗಿ, ನೆಲಕ್ಕಿಟ್ಟರೆ ನಿಂತರೆ ಮೊದಲ ಅನುಮಾನ ಸೆಲ್ಲಿನ ಮೇಲೆ; ಎತ್ತಿದಾಗಲೂ ತಿರುಗದಿದ್ದರೆ ನಟ್ಟಿನ ಮೇಲೆ. ಗುಂಯ್ ಎನ್ನುತ್ತ ತಿರುಗದೆ ನಿಂತ ಮೋಟಾರನ್ನು ಹಾಗೇ ಬಿಡಬೇಡಿ, ಬೇಗ ಬಿಸಿಯಾಗುತ್ತದೆ, ಸ್ವಿಚ್ ಆರಿಸಿ.

ನಿಂತಲ್ಲೇ ಕುಪ್ಪಳಿಸುತ್ತಿದ್ದರೆ ಎರಡೂ ಕ್ರ್ಯಾಂಕ್ ಒಂದೇ ದಿಕ್ಕಿಗಿವೆ. ಶಾಫ್ಟ್ ಎರಡು ಕಡೆ ಚಪ್ಪಟೆ ಇರುವುದರಿಂದ ಕ್ರ್ಯಾಂಕ್ ಎರಡೇ ರೀತಿಯಲ್ಲಿ ಕೂರುತ್ತದೆ, ಸರಿ ಇಲ್ಲವೇ ಪೂರ್ತಿ ತಪ್ಪು. ನಡುವೆ ಎಲ್ಲೂ ಇಲ್ಲ. ಒಂದನ್ನು ತೆಗೆದು ತಿರುಗಿಸಿ ಹಾಕಿದರೆ ಮುಗಿಯಿತು. ಹಿಂದಕ್ಕೆ ನಡೆದರೆ ಸೆಲ್ಲುಗಳನ್ನು ಎರಡನ್ನೂ ತಿರುವಿ ಹಾಕಿ. ಕಾಲೆಲ್ಲ ಸರಿಯಾಗಿ ಆಡುತ್ತಿದ್ದೂ ಮುಂದೆ ಹೋಗದಿದ್ದರೆ ಪಾದ ಜಾರುತ್ತಿದೆ. ಶಹಾಬಾದ್ ಫರಸಿಯ ಮೇಲೆ ಬರಿ ಎಂಡಿಎಫ್ ಪಾದವೂ ಒಂದಿಷ್ಟು ಹಿಡಿಯುತ್ತದೆ. ಪಾಲಿಶ್ ಮಾಡಿದ ಇಳಕಲ್ ಗ್ರಾನೈಟ್ ಅಥವಾ ಟೈಲ್ಸ್ ಮೇಲೆ ಜಾರುತ್ತದೆ. ಟ್ಯೂಬಿನ ತುಂಡನ್ನು ಆರೂ ಪಾದಕ್ಕೆ ಅಂಟಿಸಿ. ಒಂದೆರಡಕ್ಕೆ ಮಾತ್ರ ಅಂಟಿಸಿದರೆ ಕಾಲಿನ ಉದ್ದ ಬದಲಾಗಿ, ಮೇಲೆ ಹೇಳಿದ 63 ಮತ್ತು 64ರ ಲೆಕ್ಕ ಕೆಡುತ್ತದೆ.

ಸೆಲ್ಲಿನ ವಿಷಯ ಬೇಗ ಮುಗಿಸುತ್ತೇವೆ. ಆಲ್ಕಲೈನ್ ಪೆನ್ಸಿಲ್ ಸೆಲ್ ಒಳ್ಳೆಯದು. ಅಗ್ಗದ ಜಿಂಕ್ ಸೆಲ್ಲಿನಲ್ಲಿ ಒಳಗಿನ ತಡೆ ಹೆಚ್ಚು, ಮೋಟಾರು ಎಳೆದಾಗ ವೋಲ್ಟೇಜ್ ಕುಸಿಯುತ್ತದೆ. ಚಾರ್ಜ್ ಮಾಡುವ 1.2 ವೋಲ್ಟಿನವೂ ನಡೆಯುತ್ತವೆ, ವೇಗ ತುಸು ಕಡಿಮೆ. ಚೌಕಾಕಾರದ 9 ವೋಲ್ಟ್ ಬ್ಯಾಟರಿ ಶಾಲಾ ಪ್ರಾಜೆಕ್ಟುಗಳಲ್ಲಿ ಎಲ್ಲೆಲ್ಲೂ ಕಾಣುತ್ತದೆ. ಮೋಟಾರಿಗೆ ಬೇಕಾದ ಕರೆಂಟ್ ಕೊಡುವ ಶಕ್ತಿ ಅದಕ್ಕಿಲ್ಲ, ಸ್ವಲ್ಪ ಹೊತ್ತಿಗೇ ಬಸವಳಿಯುತ್ತದೆ. ಹಳೆಯ ಲ್ಯಾಪ್‌ಟಾಪಿನಿಂದ ತೆಗೆದ ಲಿಥಿಯಂ ಸೆಲ್ ಮಕ್ಕಳ ಕೈಗೆ ಬೇಡವೇ ಬೇಡ, ತಂತಿ ತಾಗಿದರೆ ಬೆಂಕಿ. ಗುಂಡಿ ಸೆಲ್ ಹಾಕಿದ ಲೈಟನ್ನು ಕಣ್ಣಿನ ಅಂದಕ್ಕೆ ಸೇರಿಸುವ ಆಸೆಯೂ ಬೇಡ. ಮನೆಯ ಸಣ್ಣ ಮಗು ಅದನ್ನು ನುಂಗಿದರೆ ಎರಡು ಗಂಟೆಯೊಳಗೇ ಅನ್ನನಾಳ ಸುಡಬಹುದು. ಕೂಡಲೇ ದೊಡ್ಡ ಆಸ್ಪತ್ರೆಗೆ ಓಡಬೇಕಾದ ಸಂಗತಿ ಅದು. ಮೂರು ವರ್ಷದೊಳಗಿನ ಕೂಸು ಇರುವ ಮನೆಯಲ್ಲಿ ನಟ್ಟು, ವಾಶರ್‌ಗಳೂ ಅಪಾಯವೇ. ಕೂಡಿಸುವ ಕೆಲಸ ಮೇಜಿನ ಮೇಲೆ, ತಟ್ಟೆಯೊಳಗೆ ನಡೆಯಲಿ.

ಮಾಡಿ ಮಾರಬೇಕೆಂದಿರುವವರು ಇಲ್ಲಿದ್ದೀರಿ. ಬೆಳಗಾವಿಯಲ್ಲಿ ಯಂತ್ರಭಾಗ ಮಾಡುವ ಕಾರ್ಖಾನೆಗಳಿವೆ, ಗೋಕಾಕದಲ್ಲಿ ಹಗುರ ಮರದ ಆಟಿಕೆಯ ಕಸಬು ಇದೆ. ಈ ಎರಡೂ ಕೈಗಳು ಸೇರಿದರೆ ಒಳ್ಳೆಯ ಕಿಟ್ ಬರುತ್ತದೆ ಎಂಬ ನಂಬಿಕೆ ನಮಗಿದೆ. ಆದರೆ ಕಾನೂನು ಗೊತ್ತಿರಲಿ. ಆಟಿಕೆಗಳ ಗುಣಮಟ್ಟ ನಿಯಂತ್ರಣ ಆದೇಶ 2020, ಜಾರಿಗೆ ಬಂದದ್ದು 2021ರ ಜನವರಿ 1ರಿಂದ. 14 ವರ್ಷದೊಳಗಿನವರ ಆಟಿಕೆ ಮಾರಲು ಐಎಸ್‌ಐ ಗುರುತು ಕಡ್ಡಾಯ. ಮೋಟಾರು ಇರುವ ಆಟಿಕೆಗೆ ಭಾರತೀಯ ಮಾನಕ ಐಎಸ್ 15644, ಅಂಚು, ಸಣ್ಣ ಭಾಗ ಮುಂತಾದವಕ್ಕೆ ಐಎಸ್ 9873. ನೋಂದಾಯಿತ ಕರಕುಶಲಿಗಳ ಕೈಕೆಲಸಕ್ಕೆ ವಿನಾಯಿತಿ ಇದೆ, ಮೋಟಾರು ಕಿಟ್ಟಿಗೂ ಅದೇ ಸಿಗುತ್ತದೆಂದು ಎಣಿಸಬೇಡಿ. ಶಾಲೆಯಲ್ಲಿ ಮಾಡಿ ಮನೆಗೆ ಒಯ್ಯುವುದು ಬೇರೆ, ಅಂಗಡಿಗೆ ಇಡುವುದು ಬೇರೆ.

ಕೊನೆಗೆ ಸಭಿಕರು ಕೇಳಿದ ಪ್ರಶ್ನೆ: ಎರಡು ಮೋಟಾರು ಹಾಕಿ ರಿಮೋಟಿನಿಂದ ತಿರುಗಿಸಬಹುದಲ್ಲ? ಹಾಕಬಹುದು, ಆದರೆ ಎರಡು ಬದಿಯ ಕ್ರ್ಯಾಂಕುಗಳನ್ನು ಎದುರುಬದುರು ಹಿಡಿದಿಟ್ಟಿರುವುದು ಈ ಒಂದೇ ಶಾಫ್ಟ್. ಮೋಟಾರು ಎರಡಾದರೆ ಒಂದು ತುಸು ವೇಗ, ಒಂದು ನಿಧಾನ. ಸ್ವಲ್ಪ ಹೊತ್ತಿಗೆ ಎರಡೂ ನಡುಗಾಲು ಒಟ್ಟಿಗೆ ಕೆಳಗೆ ಬಂದು ಆಟಿಕೆ ಮುಂದಕ್ಕೋ ಹಿಂದಕ್ಕೋ ತೊನೆಯುತ್ತದೆ. ಅದನ್ನು ತಡೆಯಲು ಪ್ರತಿ ಕ್ರ್ಯಾಂಕ್ ಎಲ್ಲಿದೆ ಎಂದು ಹೇಳುವ ಸೆನ್ಸರ್ ಮತ್ತು ಪ್ರೋಗ್ರಾಂ ಬೇಕು. ಹತ್ತನೆಯ ತರಗತಿಗೆ ಅದು ಒಳ್ಳೆಯ ಪ್ರಾಜೆಕ್ಟ್. ಚಿಕ್ಕವರಿಗೆ ತೂಗುಗಾಲಿನ ತಲೆಯ ಮೂರು ತೂತುಗಳೇ ಸಾಕು. ಎಡಬದಿಯ ಎರಡೂ ಕೂಡುಪಟ್ಟಿಗಳನ್ನು 20ರ ತೂತಿನಿಂದ 30ಕ್ಕೆ ಏರಿಸಿದರೆ ಆ ಬದಿಯ ಹೆಜ್ಜೆ 50ರಿಂದ 33ಕ್ಕೆ ಇಳಿದು ಆಟಿಕೆ ಎಡಕ್ಕೆ ಬಾಗುತ್ತ ನಡೆಯುತ್ತದೆ. 25ರಲ್ಲಿ ಹಾಕಿದರೆ ಹೆಜ್ಜೆ 40, ಬಾಗು ಇನ್ನೂ ಸಣ್ಣದು. ಬಲಕ್ಕೆ ಬೇಕಿದ್ದರೆ ಬಲಬದಿಯಲ್ಲಿ ಅದನ್ನೇ ಮಾಡಿ. ಎರಡೂ ಬದಿಗೆ ಬೇರೆ ಬೇರೆ ತೂತು ಕೊಟ್ಟಾಗ ನೆಲದ ಮೇಲೆ ಸೀಮೆಸುಣ್ಣದಿಂದ ದಾರಿ ಗುರುತು ಮಾಡಿ ಅಳೆಯಲು ಮಕ್ಕಳಿಗೆ ಹೇಳಿ.